ಉಬ್ಬುಮೀನಿನ ದೋಸ್ತಿ

ಪ್ರವಾಸಿಗರನ್ನು ಕಡಲಿಗಿಳಿಸಿ ಹವಳದ ಬಂಡೆ ತೋರಿಸುವುದು ಅವನ ಕೆಲಸ. ಅಲ್ಲೊಂದು ಉಬ್ಬುಮೀನಿತ್ತು. ಅವನು ಬೆರಳಿನಿಂದ ತಿವಿದರೆ ಅದು ಚೆಂಡಿನಂತೆ ಊದಿಕೊಳ್ಳುತ್ತಿತ್ತು, ಬಂದವರೆಲ್ಲ ಫೋಟೊ ತೆಗೆಯುತ್ತಿದ್ದರು.

ಆ ದಿನ ಮೊದಲ ಸಲ ಮಗಳು ಜೊತೆಗೆ ಬಂದಳು.

“ಹೆದರಿದ್ರೆ ಮಾತ್ರ ಅದು ಉಬ್ತದಂತೆ, ಹೌದಾ ಅಪ್ಪಾ?” ಎಂದು ದೋಣಿಯಲ್ಲಿ ಕೇಳಿದಳು.

“ಎಂತ ಹೆದರೂದು! ನಾವಿಬ್ರೂ ದೋಸ್ತಿಗಳು. ಅದಕ್ಕೆ ನನ್ನ ಗುರ್ತ ಉಂಟು.”

“ಹಾಗಾದ್ರೆ ಇವತ್ತು ತಿವೀಬೇಡ.”

“ಆಯ್ತು ಮಾರಾಯ್ತಿ, ಕೈ ಕಟ್ಕೊಂಡೇ ಇರ್ತೇನೆ.”

ನೀರಿನಡಿ ಮೀನು ಮಗಳ ಅಂಗೈಯ ಬಳಿಯೇ ಸುಮ್ಮನೆ ಈಜುತ್ತಿತ್ತು. ಅವನು ಕೈ ಕಟ್ಟಿಕೊಂಡೇ ಹತ್ತಿರ ಬಂದ. ಅದು ಅವನತ್ತ ತಿರುಗಿ, ತಟ್ಟನೆ ಚೆಂಡಾಯಿತು.

ದೋಣಿ ಹತ್ತಿದ ಮೇಲೆ ಅವನು ಮಗಳ ಮುಖ ನೋಡದೆ, ಆಗಲೇ ಒಣಗಿದ್ದ ಈಜುಗನ್ನಡಕವನ್ನೇ ಒರೆಸುತ್ತ ಕೂತ.

“ನೀ ಹೇಳಿದ್ದು ನಿಜ ಅಪ್ಪಾ,” ಎಂದಳು ಮಗಳು. “ಅದಕ್ಕೆ ನಿನ್ನ ಗುರ್ತ ಉಂಟು.”