ಸೀಟ್ ಬೆಲ್ಟ್

"ಬೆಲ್ಟ್ ಹರಿದಿಲ್ಲ, ಕತ್ತರಿಸಿಲ್ಲ. ಕಳ್ಳ ನಿಮ್ಮ ಯಜಮಾನರನ್ನ ಕಾರಿಂದ ಎಳೆದು ಹಾಕಿದ ಅಂತ ದೂರಿನಲ್ಲಿದೆ. ಹಾಗಾದ್ರೆ ಇದನ್ನ ಬಿಚ್ಚಿದ್ದು ಯಾರಮ್ಮಾ?" ಆರೋಪಿಯ ಪರ ವಕೀಲರು ಕಾರಿನ ಫೋಟೋವನ್ನು ಸಾಕ್ಷಿಕಟ್ಟೆಯಲ್ಲಿದ್ದ ಟೈಲರಮ್ಮನ ಮುಂದೆ ಹಿಡಿದರು.

ಅವಳು ಗಂಡನತ್ತ ನೋಡಿದಳು. ಬೆಳಿಗ್ಗೆಯೇ ಸಾಕ್ಷಿ ಹೇಳಿ ಮುಗಿಸಿದ್ದ ಅವನು ಮುಂದಿನ ಬೆಂಚಿನಲ್ಲಿ ಎದೆಯುಬ್ಬಿಸಿ ಕೂತಿದ್ದ. "ಹಿಂದಿನಿಂದ ಕುತ್ತಿಗೆಪಟ್ಟಿ ಹಿಡಿದ, ಇಲ್ಲದಿದ್ರೆ ಹುಟ್ಟಿಲ್ಲ ಅನ್ನಿಸಿಬಿಡ್ತಿದ್ದೆ" ಎಂದು ವರ್ಷದಿಂದ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದಿದ್ದ. ಅವಳ ಕಿವಿಯಲ್ಲಿ ಉಳಿದಿದ್ದದ್ದು ಮಾತ್ರ ಬೇರೆ. ಕಿಟಕಿಯಲ್ಲಿ ಚಾಕು ಕಂಡ ಕೂಡಲೇ ಪಕ್ಕದ ಸೀಟಿನಿಂದ ಬಂದ 'ಟಕ್' ಎಂಬ ಸದ್ದು, ಆಮೇಲೆ ದೂರವಾಗುತ್ತಿದ್ದ ಬೂಟುಗಳ ಸದ್ದು. ದಿನಕ್ಕೆ ನೂರು ಗುಂಡಿ ಹಾಕುವ ಅವಳ ಬೆರಳುಗಳಿಗೆ ಬೆಲ್ಟಿನ ಆ ಒಂದು ಗುಂಡಿ ಒತ್ತಲಾಗಲಿಲ್ಲ. ಕಾರು ಅವಳನ್ನು ಹೊತ್ತುಕೊಂಡೇ ಹೋಯಿತು.

ಬಲ ಬಳಸಿ ಕಿತ್ತುಕೊಂಡರೂ ಸುಲಿಗೆ, ಹೆದರಿಸಿ ಕಿತ್ತುಕೊಂಡರೂ ಸುಲಿಗೆ, ಎರಡೂ ಇಲ್ಲದಿದ್ದರೆ ಬರೀ ಕಳ್ಳತನ ಎಂದು ಸರ್ಕಾರಿ ವಕೀಲರು ಅವಳಿಗೆ ಮೊದಲೇ ಹೇಳಿದ್ದರು.

"ಅವರೇ ಬಿಚ್ಕೊಂಡ್ರು," ಎಂದಳು.

"ಅಂದ್ರೆ ಯಾರೂ ಎಳೀಲಿಲ್ಲ. ತಾವಾಗೇ ಕಾರು ಬಿಟ್ಟುಕೊಟ್ರು."

"ಎಳೀಲಿಲ್ಲ ಸ್ವಾಮಿ, ಹೆದರಿ ಓಡಿದ್ರು. ಎಷ್ಟು ಹೆದರಿದ್ರು ಅಂದ್ರೆ, ನಾನು ಒಳಗಿಂದ ಕೂಗ್ತಿದ್ರೂ ತಿರುಗಿ ನೋಡಲಿಲ್ಲ."

ಸರ್ಕಾರಿ ವಕೀಲರು ನೆಮ್ಮದಿಯಿಂದ 'ಭಯ' ಎಂದು ಬರೆದುಕೊಂಡು ಅಡಿಗೆರೆ ಎಳೆದರು. ಗಂಡ ಎದ್ದು ಬಾಗಿಲಿನತ್ತ ನಡೆದ. ಈ ಸಲವೂ ತಿರುಗಿ ನೋಡಲಿಲ್ಲ.