ಬಿಲ್ಲೆಯ ಗೀರು

“ಬಿಲ್ಲೆ ಗೀರು ಮೇಲ್ಗಡೆ ಬರ್ಬೇಕಲ್ವಾ ಮೇಡಂ?” ಲೇಸರ್ ಯಂತ್ರದ ಆಪರೇಟರ್ ಹಳೇ ಫೋಟೋವೊಂದನ್ನು ಪರದೆಗೆ ತಂದ. “ಹೋದ ವರ್ಷ ಅಳೆಯೋಕೆ ನೀವೇ ಇಟ್ಟಿದ್ರಿ. ನೋಡಿ, ಕೆಳಗಿದೆ.”

ಎಲ್ಲರ ಬಾಯಲ್ಲೂ ಹರಳಕ್ಕ ಆಗಿಹೋಗಿದ್ದ ಸಂಶೋಧಕಿ ನೋಡಿದಳು. ಅವಳ ಕೈಯಲ್ಲಿದ್ದ ಅಂಟಿನ ಬಿಲ್ಲೆಯಲ್ಲಿ ಮರಳಿನಷ್ಟು ಸಣ್ಣ ಜಿರ್ಕಾನ್ ಹರಳುಗಳ ಎರಡು ಸಾಲು. ಗುರುತಿಗೆ ಎಳೆದ ಗೀರಿನ ಕಡೆಯದು ತಾಮ್ರ ಹೆತ್ತ ಬಂಡೆಯದು, ಇನ್ನೊಂದು ಪಕ್ಕದ ಬರಡು ಬಂಡೆಯದು. ಮೇಲಿನ ಸಾಲೇ ತಾಮ್ರದ್ದೆಂದು ಅವಳು ಬರೆದುಕೊಂಡಿದ್ದಳು; ಗೀರು ಕೆಳಗಾದರೆ ಲೆಕ್ಕದಲ್ಲಿ ಬರಡೇ ಬಾಣಂತಿ. ತಾಮ್ರ ತಂದ ಶಿಲಾರಸ ಭೂಮಿಯ ಆಳದಿಂದ ನೇರ ಬಂತು, ಹಳೇ ನೆಲ ಕರಗಿ ಬಂದದ್ದಲ್ಲ ಎಂದು ಐಸೊಟೋಪು ಅಳೆದು ಬರೆದ ಆರು ವರ್ಷದ ಪ್ರಬಂಧ ಪೂರ್ತಿ ಉಲ್ಟಾ. ನಾಳೆಯೇ ಅದರ ಮೌಖಿಕ ಪರೀಕ್ಷೆ. ಅಳು ಬರಬೇಕಿತ್ತು, ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ದವಡೆಯ ಹಾಗೆ ಮೈಯೆಲ್ಲ ಜೋಮು ಹಿಡಿದಿತ್ತು.

“ಯಾರಿಗೂ ಗೊತ್ತಾಗಲ್ಲ ಬಿಡಿ,” ಎಂದ ಆಪರೇಟರ್, ಫೋಟೋ ಮುಚ್ಚುತ್ತಾ. ಅಷ್ಟರಲ್ಲಿ ಅವಳ ಗೈಡ್ ಮೇಷ್ಟ್ರು ಬಾಗಿಲಲ್ಲಿ ಇಣುಕಿದರು. “ಏನಮ್ಮಾ, ಕೊನೇ ಸಲ ನೋಡಿದ್ಯಾ? ಜಿರ್ಕಾನ್ ಸುಳ್ಳು ಹೇಳಲ್ಲ ಕಣಮ್ಮಾ, ಅದಕ್ಕೇನು ನಮ್ ಹಾಗೆ ಹೊಟ್ಟೆಪಾಡಾ?”

ಹರಳಕ್ಕ ಬಿಲ್ಲೆಯನ್ನು ಬೆರಳಲ್ಲೇ ಅರ್ಧ ಸುತ್ತು ತಿರುಗಿಸಿದಳು. ಗೀರು ಮೇಲೆ ಬಂತು.

“ಅದು ಹೇಳಿಲ್ಲ ಸಾರ್,” ಎಂದಳು. “ನಾನೇ ಅದನ್ನ ತಲೆಕೆಳಗೆ ನಿಲ್ಲಿಸಿ ಕೇಳಿದ್ದೆ.”