ಭಟ್ಟರ ಬಣ್ಣದ ಸೊಪ್ಪು

ಶಂಭು ಭಟ್ಟರು ಬೀಜದಿಂದ ಬೆಳೆಸಿದ ಸ್ವಿಸ್ ಚಾರ್ಡ್ ಎಂಬ ಪರದೇಶಿ ಸೊಪ್ಪು ಕಾಂಪೌಂಡ್ ಗೋಡೆಯ ಬುಡದಲ್ಲಿ ಕೆಂಪು, ಹಳದಿ, ಗುಲಾಬಿ ದಂಟು ಬಿಟ್ಟು ಮೆರೆಯುತ್ತಿತ್ತು. ದಿನವೂ ಗಿಡದ ಮುಂದೆ ತಾವು ಹೇಳುವ ಅಷ್ಟೋತ್ತರದ ಮಹಿಮೆ ಎಂದು ಭಟ್ಟರು ಊರಿಗೆಲ್ಲ ಸಾರಿದ್ದರು. ಮಠದ ಸ್ವಾಮಿಗಳೂ ಬಂದು ನೋಡುವುದಾಗಿ ಹೇಳಿಕಳಿಸಿದ್ದರು.

ಒಂದು ಬೆಳಿಗ್ಗೆ ಆಚೆಮನೆಯ ಫ್ಲೋಸಿ ಬಾಯಿ ಬಂಗುಡೆ ಮೀನು ತೊಳೆದ ನೀರನ್ನು ಗೋಡೆಯ ಮೇಲಿಂದ ಗಿಡಕ್ಕೆ ಸುರಿಯುವುದು ಭಟ್ಟರ ಕಣ್ಣಿಗೆ ಬಿತ್ತು.

"ಎಂತ ಬಾಯಿ ಇದು! ಮಡಿ ಮೈಲಿಗೆ ಗೊತ್ತುಂಟಾ ನಿಮಗೆ?"

"ಮೊಳಕೆ ಬಂದಾಗಿನಿಂದ ಹಾಕ್ತಾ ಇದ್ದೇನಲ್ಲ ಭಟ್ರೇ. ಬೇಡದಿದ್ರೆ ಬೇಡ, ಮಾರಾಯ್ರೆ."

ಫ್ಲೋಸಿ ಬಾಯಿ ನೀರು ಸುರಿಯುವುದನ್ನು ನಿಲ್ಲಿಸಿದರು. ಎರಡೇ ವಾರದಲ್ಲಿ ಸೊಪ್ಪು ಜೋಲುಮೋರೆ ಹಾಕಿತು. ಭಟ್ಟರು ಅಷ್ಟೋತ್ತರವನ್ನು ಸಹಸ್ರನಾಮಕ್ಕೆ ಏರಿಸಿದರು. ಗಿಡ ಕಿವಿಗೊಡಲಿಲ್ಲ.

ಸ್ವಾಮಿಗಳು ಬರಲು ನಾಲ್ಕೇ ದಿನವಿದ್ದಾಗ ಭಟ್ಟರು ಅತ್ತಿತ್ತ ನೋಡಿ, ಗೋಡೆಯಾಚೆಗೆ ಖಾಲಿ ಬಾಲ್ದಿ ಚಾಚಿ, ದನಿ ತಗ್ಗಿಸಿ ಕೇಳಿದರು:

"ಬಾಯಿ, ಇವತ್ತು ಬಂಗುಡೆ ಬರ್ಲಿಲ್ವಾ?"